ಕೋಡಿಗೆ ಬಲೆ ಕಟ್ಟಿದ ಕೆರೆ

ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಈಗ ನೋಡಲು ಸಿಗುವುದು ಎರಡು ತುಂಡಾಗಿ. ಕಣಿವೆಯ ಆಚೆ ದಡದಲ್ಲಿ ಏರಿಯ ಒಂದು ತುದಿ, ಈಚೆ ದಡದಲ್ಲಿ ಇನ್ನೊಂದು ತುದಿ, ನಡುವೆ ಬರೀ ಬಯಲು. ಆ ಬಯಲಲ್ಲಿ ಸಣ್ಣ ಹೊಳೆಯೊಂದು ಹರಿಯುತ್ತದೆ, ಹೊಳೆಯ ಮಗ್ಗುಲಲ್ಲಿ ರೈಲು ಹಳಿ. 1889ರ ಮೇ 31ರಂದು ಮಧ್ಯಾಹ್ನ ಮೂರರ ಹೊತ್ತಿಗೆ ಏರಿಯ ನಡುಭಾಗ ಕೊಚ್ಚಿಹೋಗಿ, ಸುಮಾರು ಎರಡು ಕೋಟಿ ಟನ್ ನೀರು ಇದೇ ಬಾಯಿಂದ ಹೊರಬಿತ್ತು. ಹದಿನಾಲ್ಕು ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಎಂಬ ಉಕ್ಕಿನ ಊರಿನಲ್ಲಿ ಮತ್ತು ದಾರಿಯ ಹಳ್ಳಿಗಳಲ್ಲಿ ಸತ್ತವರು 2,209 ಜನ.

ಕರ್ನಾಟಕದಿಂದ ಮಕ್ಕಳ ಮನೆಗೆಂದು ಪಿಟ್ಸ್‌ಬರ್ಗ್‌ಗೆ ಬರುವ ಅಪ್ಪ ಅಮ್ಮಂದಿರನ್ನು ಮೊದಲು ಕರೆದೊಯ್ಯುವುದು ಪೆನ್ ಹಿಲ್ಸ್ ಗುಡ್ಡದ ಮೇಲಿನ ವೆಂಕಟೇಶ್ವರ ದೇವಸ್ಥಾನಕ್ಕೆ, ಆಮೇಲೆ ನಯಾಗರಕ್ಕೆ. ಮಂಡ್ಯ ಸೀಮೆಯ ನಾಲೆ, ಕೆರೆಗಳ ಮೇಲೆಯೇ ನೌಕರಿ ಸವೆಸಿ ನಿವೃತ್ತರಾಗಿದ್ದ ಎಂಜಿನಿಯರ್ ಒಬ್ಬರು ಮಾತ್ರ ಮಗಳ ಹತ್ತಿರ ಮೂರನೆಯ ಜಾಗವೊಂದನ್ನು ಕೇಳಿದರು. ಮಣ್ಣಿನ ಕಟ್ಟೆಗಳ ಪಾಠ ಓದಿದ ಕಾಲದಿಂದ ಅವರ ತಲೆಯಲ್ಲಿದ್ದ ಹೆಸರು ಸೌತ್ ಫೋರ್ಕ್. ಅಲ್ಲಿ ಅವರು ಕಳೆದ ಅರ್ಧ ದಿನ, ಆಮೇಲೆ ಊರಿಗೆ ಬಂದು ಹಳೆಯ ಜೊತೆಗಾರರೊಡನೆ ಕೂತಾಗಲೆಲ್ಲ ಅದನ್ನು ಹೇಳಿಕೊಂಡ ರೀತಿ, ಇವೆರಡರಿಂದ ಹುಟ್ಟಿದ್ದು ಈ ಬರಹ. ಅಣೆಕಟ್ಟು ಒಡೆದ ದಿನಕ್ಕಿಂತ ಅದಕ್ಕೆ ಕೆಲಸ ತಪ್ಪಿದ ದಿನದ ಬಗ್ಗೆಯೇ ಅವರು ಹೆಚ್ಚು ಮಾತಾಡುತ್ತಿದ್ದರು.

ಈ ಕಟ್ಟೆ ಎದ್ದದ್ದು ಒಂದು ಕಾಲುವೆಗಾಗಿ. ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗ್‌ಗೆ ಸರಕು ಸಾಗಿಸಲು ಪೆನ್ಸಿಲ್ವೇನಿಯಾ ಸರ್ಕಾರ 1834ರಲ್ಲಿ ಒಂದು ದಾರಿ ತೆರೆದಿತ್ತು. ಅರ್ಧ ನೀರು, ಅರ್ಧ ಗುಡ್ಡ. ನಡುವೆ ಅಡ್ಡ ಬರುವ ಅಲಿಗೇನಿ ಬೆಟ್ಟಸಾಲನ್ನು ಹತ್ತು ಇಳಿಜಾರು ಹಳಿಗಳ ಮೇಲೆ ಉಗಿಯಂತ್ರದಿಂದ ಎಳೆದು ದಾಟಿಸುತ್ತಿದ್ದರು. ಬೆಟ್ಟ ಇಳಿದ ಸರಕು ಜಾನ್ಸ್‌ಟೌನ್‌ನಲ್ಲಿ ಮತ್ತೆ ದೋಣಿ ಹತ್ತುತ್ತಿತ್ತು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಇದೇ ದಾರಿಯಲ್ಲಿ ಪಯಣಿಸಿ ತನ್ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಅದನ್ನು ಬರೆದಿದ್ದಾನೆ. ಬೇಸಿಗೆ ಬಂತೆಂದರೆ ಜಾನ್ಸ್‌ಟೌನ್‌ನ ಕಾಲುವೆಯಲ್ಲಿ ದೋಣಿ ತೇಲುವಷ್ಟು ನೀರಿರುತ್ತಿರಲಿಲ್ಲ. ಮೇಲಿನ ಕಣಿವೆಯಲ್ಲಿ ನೀರು ಕಟ್ಟಿಟ್ಟು ಬೇಕಾದಾಗ ಬಿಡಬೇಕು ಎಂದು ಎಂಜಿನಿಯರುಗಳು ಹೇಳಿದರು. 1838ರಲ್ಲಿ ಕೆಲಸ ಹತ್ತಿತು, ದುಡ್ಡಿಲ್ಲದೆ 1842ರಲ್ಲಿ ನಿಂತಿತು, ಒಂಬತ್ತು ವರ್ಷ ಅರೆಬರೆ ಬಿದ್ದಿದ್ದು 1850ರ ದಶಕದ ಮೊದಲ ವರ್ಷಗಳಲ್ಲಿ ಮುಗಿಯಿತು.

ಮಾಡಿದ ಕೆಲಸ ಮಾತ್ರ ಅಚ್ಚುಕಟ್ಟು. 931 ಅಡಿ ಉದ್ದ, 72 ಅಡಿ ಎತ್ತರದ ಏರಿ. ಜೇಡಿಮಣ್ಣನ್ನು ಪದರದ ಮೇಲೆ ಪದರ ಹರಡಿ, ನೀರುಣಿಸಿ, ಗಟ್ಟಿಮಾಡಿ ಎಬ್ಬಿಸಿದ್ದು. ಬುಡದಲ್ಲಿ ಕಲ್ಲಿನ ತೂಬು, ಅದರೊಳಗೆ ಎರಡಡಿ ವ್ಯಾಸದ ಐದು ಎರಕದ ಕಬ್ಬಿಣದ ಕೊಳವೆ. ಏರಿಯ ಒಂದು ತುದಿಯಲ್ಲಿ ಬಂಡೆ ಕಡಿದು ಮಾಡಿದ 72 ಅಡಿ ಅಗಲದ ಕೋಡಿ. ತೂಬು ಇದೆ, ಕೋಡಿ ಇದೆ, ಏರಿ ಗಟ್ಟಿಯಾಗಿದೆ. ನಮ್ಮೂರಿನ ಯಾವ ನೀರುಗಂಟಿಗಾದರೂ ಒಪ್ಪಿಗೆಯಾಗುವ ಕೆರೆ.

ಆದರೆ ಕಟ್ಟೆ ಮುಗಿಯುವ ಹೊತ್ತಿಗೆ ಕಾಲುವೆಯ ಕಾಲವೇ ಮುಗಿದಿತ್ತು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ಹಳಿ 1852ರಲ್ಲಿ ಪಿಟ್ಸ್‌ಬರ್ಗ್ ಮುಟ್ಟಿತು. ದೋಣಿ ಹತ್ತಿ ದಿನಗಟ್ಟಲೆ ಕೂರುವವರು ಯಾರು? 1857ರಲ್ಲಿ ಸರ್ಕಾರ ಕಾಲುವೆ, ಬೆಟ್ಟದ ಹಳಿ, ಈ ಜಲಾಶಯ ಎಲ್ಲವನ್ನೂ 75 ಲಕ್ಷ ಡಾಲರಿಗೆ ರೈಲು ಕಂಪನಿಗೇ ಮಾರಿತು. ಕಂಪನಿಗೆ ಬೇಕಾಗಿದ್ದದ್ದು ದಾರಿಯ ಜಾಗ. ಕೆರೆಯನ್ನು ಯಾರೂ ಕೇಳಲಿಲ್ಲ. 1862ರಲ್ಲಿ ತೂಬಿನ ಕಲ್ಲು ಕುಸಿದು ಏರಿ ಮೊದಲ ಸಲ ಒಡೆಯಿತು. ನೀರು ಕಡಿಮೆಯಿದ್ದುದರಿಂದ ಕೆಳಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಅದನ್ನು ಯಾರೂ ಸರಿಪಡಿಸಲೂ ಇಲ್ಲ.

ಆಮೇಲಿನ ಕಥೆಯೆಲ್ಲ ಕ್ರಯಪತ್ರಗಳದ್ದು. 1875ರಲ್ಲಿ ಜಾನ್ ರೈಲಿ ಎಂಬ ರಾಜಕಾರಣಿ 2,500 ಡಾಲರಿಗೆ ಜಾಗ ಕೊಂಡ. ಬುಡದಲ್ಲಿದ್ದ ಐದು ಕಬ್ಬಿಣದ ಕೊಳವೆಗಳನ್ನು ಕೀಳಿಸಿ ಗುಜರಿಗೆ ಹಾಕಿದ. 1879ರಲ್ಲಿ 2,000 ಡಾಲರಿಗೆ ಬೆಂಜಮಿನ್ ರಫ್ ಎಂಬವನಿಗೆ ಮಾರಿ ಕೈತೊಳೆದುಕೊಂಡ. ರಫ್ ಅಲ್ಲೊಂದು ಮೀನು ಮತ್ತು ಬೇಟೆಯ ಕ್ಲಬ್ ಕಟ್ಟಿದ. ಪಿಟ್ಸ್‌ಬರ್ಗ್‌ನ ದೊಡ್ಡ ಕುಳಗಳೆಲ್ಲ ಅದಕ್ಕೆ ಸೇರಿದರು. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಆಂಡ್ರ್ಯೂ ಮೆಲನ್ ಇವರೆಲ್ಲ ಸದಸ್ಯರು. ಒಡೆದ ಜಾಗಕ್ಕೆ ಮಣ್ಣು, ಕಲ್ಲು, ಮರದ ಕೊಂಬೆ, ಹುಲ್ಲು, ಕುದುರೆ ಲದ್ದಿ ತುಂಬಿ ಏರಿ ಕೂಡಿಸಿದರು. ಎರಡು ಸಾರೋಟು ಎದುರುಬದುರಾಗಿ ಹೋಗಲೆಂದು ಏರಿಯ ನೆತ್ತಿಯನ್ನು ಎರಡು ಮೂರು ಅಡಿ ತಗ್ಗಿಸಿ ಅಗಲ ಮಾಡಿದರು. ಕೀಳಿಸಿದ್ದ ಕೊಳವೆಗಳ ಜಾಗಕ್ಕೆ ಏನೂ ಹಾಕಲಿಲ್ಲ. ಸಾಕಿದ ಮೀನು ಹೊಳೆಗೆ ತಪ್ಪಿಸಿಕೊಂಡು ಹೋಗದಿರಲಿ ಎಂದು ಕೋಡಿಗೆ ಅಡ್ಡವಾಗಿ ಕಬ್ಬಿಣದ ಜಾಲರಿ ನಿಲ್ಲಿಸಿದರು.

ಇಲ್ಲಿಗೆ ಬಂದಾಗ ಆ ಎಂಜಿನಿಯರ್ ಪ್ರತಿ ಸಲವೂ ಮಾತು ನಿಲ್ಲಿಸಿ ಮಳವಳ್ಳಿ ಕಡೆಯ ಒಂದು ಕೆರೆಗೆ ಹೋಗಿಬಿಡುತ್ತಿದ್ದರು.

ಆಗಿನ್ನೂ ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಹಿಂಗಾರಿನ ಮಳೆ ಬಿಡದೆ ಸುರಿದು ಕೆರೆ ತುಂಬಿತ್ತು. ರಾತ್ರಿ ಊರಿನ ನೀರುಗಂಟಿ ಲಾಟೀನು ಹಿಡಿದು ಬಂದು, ಕೋಡಿ ಬಿದ್ದಿದೆ, ಆದರೆ ನೀರು ಸಾಲದು ಸ್ವಾಮಿ, ಏರಿ ಕಡೆಗೇ ಒತ್ತುತ್ತಿದೆ ಎಂದ. ಹೋಗಿ ನೋಡಿದರೆ ಮೀನಿನ ಗುತ್ತಿಗೆ ಹಿಡಿದವರು ಕೋಡಿಗೆ ಅಡ್ಡಲಾಗಿ ಬಿದಿರ ತಡಿಕೆ ಕಟ್ಟಿ ಬಲೆ ಬಿಗಿದಿದ್ದಾರೆ. ತಡಿಕೆಗೆ ಜೊಂಡು, ಲಂಟಾನದ ಕಡ್ಡಿ, ತೆಂಗಿನ ಗರಿ, ಸತ್ತ ಕರುವೊಂದು, ಎಲ್ಲ ಬಂದು ಅಂಟಿಕೊಂಡು ಗೋಡೆಯಾಗಿದೆ. ಕೋಡಿಯ ಕಲ್ಲಿನ ಮೇಲೆ ಹರಿಯಬೇಕಾದ ನೀರಿನಲ್ಲಿ ಕಾಲುಭಾಗವೂ ಹರಿಯುತ್ತಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಬ್ಬರು ಆಳುಗಳು ಮಚ್ಚಿನಿಂದ ತಡಿಕೆಯ ಕಟ್ಟು ಕಡಿದರು. ಕಸವೆಲ್ಲ ಒಂದೇ ಸಲ ಹೊರಳಿ ಹೋಯಿತು. ಬೆಳಗಾಗುವ ಹೊತ್ತಿಗೆ ಏರಿಯ ಮೇಲಿನ ಗುರುತಿನ ಕಲ್ಲಿಗಿಂತ ನೀರು ಒಂದು ಗೇಣು ಕೆಳಗಿಳಿದಿತ್ತು. ಮೀನಿನವರ ನಷ್ಟಕ್ಕೆ ಊರಿನಲ್ಲಿ ಪಂಚಾಯ್ತಿಯೂ ಆಯಿತು.

ಆ ನೀರುಗಂಟಿಯ ಹೆಸರು ಅವರಿಗೆ ಕೊನೆಯವರೆಗೂ ನೆನಪಿತ್ತು. ಅವನು ರಾತ್ರಿ ಎದ್ದು ಕೋಡಿ ನೋಡಿ ಬಂದದ್ದು ಯಾರ ಅಪ್ಪಣೆಯಿಂದಲೂ ಅಲ್ಲ. ಕೆಳಗಿನ ಗದ್ದೆಯಲ್ಲಿ ಅವನ ಭತ್ತವೂ ಇತ್ತು. ಕೆರೆಗೆ ಕೆಲಸವಿದ್ದರೆ ಕೆರೆಯ ಮೇಲೆ ಕಣ್ಣಿರುತ್ತದೆ ಎನ್ನುವುದನ್ನು ಅವರು ಆ ರಾತ್ರಿ ಕಂಡಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗಲೂ ಅದನ್ನೇ ಹೇಳಿದರು. ಅಲ್ಲಿ ಜನ ಇದ್ದರು, ಉಳಿದ ಗೇಟುಗಳನ್ನೆಲ್ಲ ತೆರೆದು ಒತ್ತಡ ಇಳಿಸುವುದು ಸಾಧ್ಯವಿತ್ತು. ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಸೌತ್ ಫೋರ್ಕ್‌ನಲ್ಲಿ ತೆರೆಯಲು ಏನೂ ಉಳಿದಿರಲಿಲ್ಲ.

ಅಪಾಯ ಯಾರಿಗೂ ಹೊಳೆದಿರಲಿಲ್ಲ ಎಂದೇನಲ್ಲ. ಜಾನ್ಸ್‌ಟೌನ್‌ನ ಕೇಂಬ್ರಿಯಾ ಉಕ್ಕಿನ ಕಾರ್ಖಾನೆಯ ಮುಖ್ಯಸ್ಥ ಡೇನಿಯಲ್ ಮಾರೆಲ್ 1880ರಲ್ಲೇ ತನ್ನ ಎಂಜಿನಿಯರ್ ಜಾನ್ ಫುಲ್ಟನ್‌ನನ್ನು ಕಳಿಸಿ ಕಟ್ಟೆ ನೋಡಿಸಿದ. ನೀರು ಇಳಿಸುವ ಕೊಳವೆಯಿಲ್ಲ, ಹೀಗಾಗಿ ಮುಂದೆ ದುರಸ್ತಿ ಮಾಡಲೂ ದಾರಿಯಿಲ್ಲ, ತೇಪೆ ಹಾಕಿದ ಕಡೆ ನೀರು ಜಿನುಗುತ್ತಿದೆ ಎಂದು ಫುಲ್ಟನ್ ಸ್ಪಷ್ಟವಾಗಿ ಬರೆದ. ನಿಮಗೆ ಯಾವ ಭಯವೂ ಬೇಡ ಎಂದು ರಫ್ ಉತ್ತರಿಸಿದ. ಸರಿಪಡಿಸುವುದಾದರೆ ಖರ್ಚಿನಲ್ಲಿ ಪಾಲು ಕೊಡುತ್ತೇನೆ ಎಂದ ಮಾರೆಲ್. ಅದನ್ನೂ ಕ್ಲಬ್ಬಿನವರು ಒಪ್ಪಲಿಲ್ಲ. ಕೊನೆಗೆ ಆತ ತಾನೇ ಕ್ಲಬ್ಬಿನ ಸದಸ್ಯತ್ವ ಕೊಂಡ, ಒಳಗಿನವನಾದರೆ ಒಂದು ಕಣ್ಣಿಡಬಹುದು ಎಂದು. 1885ರಲ್ಲಿ ತೀರಿಕೊಂಡ. ಕೆಳಗಿನ ಊರಿನಲ್ಲಿ ಪ್ರತಿ ಮಳೆಗಾಲವೂ ಕಟ್ಟೆ ಒಡೆಯುತ್ತದಂತೆ ಎಂಬ ಸುದ್ದಿ ಏಳುತ್ತಿತ್ತು, ಇಳಿಯುತ್ತಿತ್ತು. ಬರಬರುತ್ತಾ ಜನ ಅದಕ್ಕೆ ನಗಲು ಶುರುಮಾಡಿದರು.

1889ರ ಮೇ 30ರ ರಾತ್ರಿ ಹಿಡಿದ ಮಳೆ ಆ ಸೀಮೆ ಕಂಡರಿಯದ್ದು. ಕ್ಲಬ್ಬಿನ ಎಂಜಿನಿಯರ್ ಜಾನ್ ಪಾರ್ಕ್ ಇಪ್ಪತ್ತು ದಾಟಿದ ಹುಡುಗ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಕೆರೆ ಎರಡಡಿ ಏರಿತ್ತು. ಚರಂಡಿ ತೋಡಲು ಬಂದಿದ್ದ ಇಟಲಿಯ ಕೂಲಿಗಳನ್ನು ಏರಿಯ ಮೇಲೆ ನಿಲ್ಲಿಸಿ, ನೇಗಿಲು ಹೊಡೆಸಿ, ನೆತ್ತಿಗೆ ಮಣ್ಣು ಏರಿಸಲು ನೋಡಿದರು. ಇನ್ನೊಂದು ತುದಿಯಲ್ಲಿ ಹೊಸ ಕೋಡಿ ಅಗೆಯಲು ಹೋದರೆ ಮೊಣಕಾಲುದ್ದಕ್ಕೇ ಬಂಡೆ. ಮೀನಿನ ಜಾಲರಿಗೆ ಮರದ ದಿಮ್ಮಿ, ಕಸ ಒತ್ತಿ ಬಿಗಿದುಕೊಂಡಿತ್ತು. ಕೀಳಲು ಹೊರಟಾಗ ಹೊತ್ತು ಮೀರಿತ್ತು. ಏರಿಯ ಒಂದು ತುದಿಯನ್ನು ತಾವೇ ಕಡಿದುಬಿಟ್ಟರೆ ನೀರು ನಿಧಾನವಾಗಿ ಹೋದೀತು ಎಂಬ ಯೋಚನೆಯೂ ಪಾರ್ಕ್‌ಗೆ ಬಂದಿತ್ತು. ಕಡಿದ ಮೇಲೆ ಒಡೆದದ್ದಕ್ಕೆಲ್ಲ ಕಡಿದವನೇ ಹೊಣೆಯಾಗುತ್ತಾನೆ. ಆತ ಮುಂದುವರಿಯಲಿಲ್ಲ. ಈ ಮಾತು ಬಂದಾಗ ನಮ್ಮ ಎಂಜಿನಿಯರ್ ಪಾರ್ಕ್‌ನನ್ನು ಒಮ್ಮೆಯೂ ದೂರಿದ್ದಿಲ್ಲ. ಅಂಥ ಜಾಗದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದವರ ಮೇಲಿತ್ತು ಅವರ ಸಿಟ್ಟು, ಆ ಸಿಟ್ಟು ನ್ಯಾಯವಾದದ್ದು.

ಪಾರ್ಕ್ ಕುದುರೆ ಹತ್ತಿ ಸೌತ್ ಫೋರ್ಕ್ ಊರಿಗೆ ಓಡಿ ತಂತಿ ಕಳಿಸಲು ಹೇಳಿದ. ಸುದ್ದಿ ಹೋಯಿತು. ವರ್ಷವರ್ಷವೂ ಕೇಳಿದ ಸುದ್ದಿಯೇ ಆದ್ದರಿಂದ ಅದಕ್ಕೆ ಬೆಲೆ ಬರಲಿಲ್ಲ. ನೀರು ಹೊರಟದ್ದು ಮೂರರ ಹೊತ್ತಿಗೆ, ಜಾನ್ಸ್‌ಟೌನ್ ಮುಟ್ಟಿದ್ದು 4 ಗಂಟೆ 7 ನಿಮಿಷಕ್ಕೆ. ದಾರಿಯಲ್ಲಿ ರೈಲು ಚಾಲಕ ಜಾನ್ ಹೆಸ್ ಎಂಬಾತ ಹೊನಲು ಬರುವುದನ್ನು ಕಂಡು, ಎಂಜಿನ್ನಿನ ಸಿಳ್ಳೆಯನ್ನು ಕಟ್ಟಿಹಾಕಿ ಊದಿಸುತ್ತಲೇ ಗಾಡಿಯನ್ನು ಹಿಂದಕ್ಕೆ ಓಡಿಸಿಕೊಂಡು ಬಂದ. ಆ ಸಿಳ್ಳೆ ಕೇಳಿ ಗುಡ್ಡ ಹತ್ತಿ ಬದುಕಿದವರು ಬಹಳ. ಊರಿನೊಳಗೆ ಎಲ್ಲ ಮುಗಿಯಲು ಹತ್ತು ನಿಮಿಷ ಸಾಕಾಯಿತು. ತಂತಿ ಕಾರ್ಖಾನೆಯ ಮುಳ್ಳುತಂತಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಮನುಷ್ಯರನ್ನೂ ತೊಲೆಗಳನ್ನೂ ಒಟ್ಟಿಗೆ ಹೆಣೆಯಿತು. ಊರ ಕೆಳಗಿನ ಕಲ್ಲಿನ ಸೇತುವೆ ಅಲ್ಲಾಡದೆ ನಿಂತಿತು. ಕೊಚ್ಚಿಬಂದ ಮನೆ, ಮರ, ರೈಲುಡಬ್ಬಿ ಎಲ್ಲ ಅದಕ್ಕೆ ಬಂದು ಒಟ್ಟಿಕೊಂಡು, ಸಂಜೆ ಬೆಂಕಿ ಹತ್ತಿ ಉರಿಯಿತು. 99 ಮನೆತನಗಳು ಒಬ್ಬರೂ ಉಳಿಯದೆ ಅಳಿದವು. ಗುರುತು ಸಿಗದ 777 ಜನರನ್ನು ಗ್ರ್ಯಾಂಡ್‌ವ್ಯೂ ಸ್ಮಶಾನದಲ್ಲಿ ಬಿಳಿಯ ಹೆಸರಿಲ್ಲದ ಕಲ್ಲುಗಳ ಕೆಳಗೆ ಮಣ್ಣುಮಾಡಿದ್ದಾರೆ.

ಬದುಕುಳಿದವರು ಬರೆದಿಟ್ಟದ್ದರಿಂದಲೇ ನಮಗೆ ಆ ಹತ್ತು ನಿಮಿಷ ಗೊತ್ತು. ವಿಕ್ಟರ್ ಹೈಸರ್‌ಗೆ ಆಗ ಹದಿನಾರು ವರ್ಷ. ನೀರು ಏರುತ್ತಿದೆ ಎಂದು ಅಪ್ಪ ಅವನನ್ನು ಕುದುರೆಗಳ ಹಗ್ಗ ಬಿಚ್ಚಲು ಕೊಟ್ಟಿಗೆಗೆ ಕಳಿಸಿದ್ದ. ಸದ್ದು ಕೇಳಿ ತಿರುಗಿದರೆ ಮನೆಯ ಕಿಟಕಿಯಿಂದ ಅಪ್ಪ ಮೇಲೆ ಹತ್ತು ಎಂದು ಕೈಮಾಡುತ್ತಿದ್ದ. ಹುಡುಗ ಕೊಟ್ಟಿಗೆಯ ಸೂರು ಹತ್ತಿದ. ಅಲ್ಲಿಂದಲೇ ಅಪ್ಪ ಅಮ್ಮ ಇದ್ದ ಮನೆ ನುಚ್ಚಾಗುವುದನ್ನು ನೋಡಿದ. ಸೂರಿನಿಂದ ಸೂರಿಗೆ ತೇಲಿ ಬದುಕಿಕೊಂಡ. ಮುಂದೆ ವೈದ್ಯನಾಗಿ ಫಿಲಿಪ್ಪೀನ್ಸ್‌ನಲ್ಲಿ ಕುಷ್ಠ, ಸಿಡುಬು, ಕಾಲರಾಗಳ ವಿರುದ್ಧ ದುಡಿದ, ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಏಷ್ಯಾವನ್ನೆಲ್ಲ ಸುತ್ತಿದ. 1936ರಲ್ಲಿ ಬಂದ ತನ್ನ ಆತ್ಮಕಥೆಯನ್ನು ಆತ ಶುರುಮಾಡಿದ್ದು ಈ ಕೊಟ್ಟಿಗೆಯಿಂದಲೇ.

ಆರು ವರ್ಷದ ಗರ್ಟ್ರೂಡ್ ಕ್ವಿನ್ ಒದ್ದೆ ಹಾಸಿಗೆಯಂಥ ಯಾವುದೋ ತುಂಡಿನ ಮೇಲೆ ಒಬ್ಬಳೇ ತೇಲುತ್ತಿದ್ದಳು. ಮ್ಯಾಕ್ಸ್‌ವೆಲ್ ಮ್ಯಾಕ್‌ಎಕ್ರನ್ ಎಂಬ ಕಾರ್ಖಾನೆಯ ಆಳು ತಾನಿದ್ದ ಸೂರಿನಿಂದ ನೀರಿಗೆ ಹಾರಿ ಅವಳ ಹತ್ತಿರ ಈಜಿ ಬಂದ. ಗುಡ್ಡದ ಪಕ್ಕದ ಕಟ್ಟಡವೊಂದರ ಕಿಟಕಿಯಲ್ಲಿ ಜನ ನಿಂತಿದ್ದರು. ಮಗುವನ್ನು ಎತ್ತಿ ಅಷ್ಟು ದೂರಕ್ಕೆ ಎಸೆದ, ಅವರು ಹಿಡಿದುಕೊಂಡರು. ಅವಳೂ ಬೆಳೆದು ಪುಸ್ತಕ ಬರೆದಳು. ಆ ದಿನ ಕೆಲವೇ ತಿಂಗಳ ಕೂಸಾಗಿದ್ದ ಫ್ರಾಂಕ್ ಶೋಮೊ ಬದುಕುಳಿದವರಲ್ಲಿ ಕೊನೆಯವನು. 1997ರಲ್ಲಿ 108 ವರ್ಷದವನಾಗಿ ತೀರಿಕೊಂಡ.

ಕ್ಲಬ್ಬಿನ ಮೇಲೆ ಹೂಡಿದ ದಾವೆಗಳಲ್ಲಿ ಸಂತ್ರಸ್ತರಿಗೆ ಒಂದು ಡಾಲರೂ ಸಿಗಲಿಲ್ಲ. ಅದು ದೈವದ ಕೆಲಸ ಎಂದಾಯಿತು. ಕಾರ್ನೆಗಿ ಊರಿಗೆ ಹೊಸ ಗ್ರಂಥಾಲಯ ಕಟ್ಟಿಸಿಕೊಟ್ಟ. ಈಗ ಆ ಕಟ್ಟಡವೇ ಪ್ರವಾಹದ ಮ್ಯೂಸಿಯಂ. ಅಪಾಯದ ವಸ್ತುವನ್ನು ತನ್ನ ಜಾಗದಲ್ಲಿ ಇಟ್ಟುಕೊಂಡವನೇ ಅದರ ಹಾನಿಗೂ ಹೊಣೆ ಎಂಬ ತತ್ವವನ್ನು ಅಮೆರಿಕದ ನ್ಯಾಯಾಲಯಗಳು ಗಂಭೀರವಾಗಿ ಹಿಡಿದದ್ದು ಇದರ ನಂತರದ ದಶಕಗಳಲ್ಲಿ. ಆ ತತ್ವದ ಮೂಲವಾದ ರೈಲಂಡ್ಸ್ ಮೊಕದ್ದಮೆಯೂ ಇಂಗ್ಲೆಂಡಿನ ಲ್ಯಾಂಕಶೈರ್‌ನ ಗಿರಣಿಯೊಂದರ ಜಲಾಶಯ ಒಡೆದದ್ದರಿಂದಲೇ ಹುಟ್ಟಿದ್ದು. ನಮ್ಮಲ್ಲಿ ಕಾನೂನು ಓದುವ ಮಕ್ಕಳಿಗೆ ಅದು ಬಾಯಿಪಾಠ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದಕ್ಕಿಂತಲೂ ಬಿಗಿಯಾದ ಹೊಣೆಯನ್ನು ಹೇಳಿದೆ.

1964ರಲ್ಲಿ ಅಮೆರಿಕದ ಸಂಸತ್ತು ಒಡೆದ ಏರಿಯನ್ನು ರಾಷ್ಟ್ರೀಯ ಸ್ಮಾರಕವೆಂದು ಒಪ್ಪಿತು. ಮತ್ತೆ ಕಟ್ಟಲಿಲ್ಲ, ಮುಚ್ಚಲೂ ಇಲ್ಲ, ಒಡೆದದ್ದನ್ನು ಒಡೆದ ಹಾಗೆಯೇ ಕಾಪಾಡುತ್ತಿದ್ದಾರೆ. ಪ್ರವಾಸಿಗರು ಏರಿಯ ತುದಿಯಲ್ಲಿ ನಿಂತು ಕಣಿವೆಯ ಫೋಟೊ ತೆಗೆಯುತ್ತಿದ್ದರೆ ಆ ಎಂಜಿನಿಯರ್ ಕೋಡಿಯ ಕಡೆ ನಡೆದರು. ಬಂಡೆ ಕಡಿದ ಗುರುತು ಇನ್ನೂ ಇದೆ. ಮಳೆಗೆ ಕಪ್ಪಾದ ಪದರುಗಲ್ಲು, ಸಂದಿಯಲ್ಲಿ ಜರೀಗಿಡ. ತಳದಲ್ಲಿ ಕೂತು, ಕೋಡಿಯ ನೆಲದಿಂದ ಏರಿಯ ನೆತ್ತಿ ಎಷ್ಟು ಮೇಲಿದೆ ಎಂದು ಕಣ್ಣಳತೆ ಮಾಡಿದರು. ಕೆರೆಯ ಅಂಗಳದಲ್ಲಿ ಈಗ ಸೇಂಟ್ ಮೈಕಲ್ ಎಂಬ ಊರಿದೆ. ಕಲ್ಲಿದ್ದಲಿನ ಗಣಿಗಾಗಿ ಹುಟ್ಟಿದ ಊರು. ಕ್ಲಬ್ಬಿನ ಮರದ ಮನೆಗಳಲ್ಲಿ ಕೆಲವು ಅಲ್ಲೇ ಬೀದಿಬದಿಗೆ ನಿಂತಿವೆ, ಎದುರಿಗೆ ಕೆರೆಯಿಲ್ಲ. ಗಣಿಯ ತುಕ್ಕು ಸೇರಿ ಹೊಳೆ ದಶಕಗಟ್ಟಲೆ ಕಿತ್ತಳೆ ಬಣ್ಣದಲ್ಲಿ ಹರಿಯುತ್ತಿತ್ತು.

ಮಗಳ ಮನೆಗೆ ಮರಳಿ ಅವರು ಮಾಡಿದ ಲೆಕ್ಕದಲ್ಲಿ ಈ ಕಥೆಯ ಬಹು ಮುಖ್ಯವಾದ ಎಳೆಯಿದೆ. ಕೋಡಿಯ ಮೇಲೆ ಎಷ್ಟು ನೀರು ಹರಿಯುತ್ತದೆ ಎಂದು ತಿಳಿಯಲು ನಮ್ಮ ಸಿವಿಲ್ ವಿದ್ಯಾರ್ಥಿಗಳೆಲ್ಲ ಕಲಿಯುವುದು ಫ್ರಾನ್ಸಿಸ್ ಸೂತ್ರ. ನೀರಿನ ಆಳ ಇಳಿದ ಪ್ರಮಾಣಕ್ಕಿಂತ ಹರಿವು ಹೆಚ್ಚು ಇಳಿಯುತ್ತದೆ, ಆಳದ ಒಂದೂವರೆ ಘಾತದಷ್ಟು. ಮೂಲ ಏರಿಯಲ್ಲಿ ಕೋಡಿಗಿಂತ ನೆತ್ತಿ ಸುಮಾರು 10 ಅಡಿ ಮೇಲಿತ್ತು. ಸಾರೋಟಿಗೆಂದು ಮೂರಡಿ ಕಡಿದರೆ ಉಳಿಯುವುದು 7. ಹರಿಯಬಲ್ಲ ನೀರು ನೂರರಿಂದ 59ಕ್ಕೆ ಬೀಳುತ್ತದೆ. ಜಾಲರಿಯ ಕಸ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಒಡೆಯುವ ಮೊದಲೇ ಏರಿಯ ನಡುಭಾಗ ತಗ್ಗಿಹೋಗಿದ್ದೂ ಬಂದಿಲ್ಲ.

ಈ ಸೂತ್ರ ಕೊಟ್ಟ ಜೇಮ್ಸ್ ಫ್ರಾನ್ಸಿಸ್ ಅವರೇ, ಜಲವಿದ್ಯುತ್ ಕೇಂದ್ರಗಳಲ್ಲಿ ಈಗಲೂ ಹೆಸರು ಕೇಳಿಬರುವ ಟರ್ಬೈನಿನ ಫ್ರಾನ್ಸಿಸ್ ಅವರೇ, ದುರಂತದ ತನಿಖೆಗೆ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಕಳಿಸಿದ ಸಮಿತಿಯಲ್ಲಿದ್ದರು. ವರದಿ ಹೊರಬಂದದ್ದು ಎರಡು ವರ್ಷ ಕಳೆದು, 1891ರಲ್ಲಿ. ಕ್ಲಬ್ಬಿನವರು ಏನೂ ಬದಲಿಸದಿದ್ದರೂ ಅಷ್ಟು ಮಳೆಗೆ ಕಟ್ಟೆ ಒಡೆಯುತ್ತಿತ್ತು ಎಂದಿತು ಆ ವರದಿ. 2016ರಲ್ಲಿ ಜಾನ್ಸ್‌ಟೌನ್‌ನ ವಿಶ್ವವಿದ್ಯಾಲಯದ ನೀಲ್ ಕೋಲ್ಮನ್ ಮತ್ತು ಜೊತೆಗಾರರು ಹೊಸ ಅಳತೆ ತೆಗೆದು, ಲೆಕ್ಕ ಹಾಕಿ, ಅದನ್ನು ತಳ್ಳಿಹಾಕಿದ್ದಾರೆ. ನೆತ್ತಿ ತಗ್ಗಿಸಿದ್ದರಿಂದಲೇ ನೀರು ಹೊರಹೋಗುವ ಶಕ್ತಿ ಬಹಳಷ್ಟು ಕಳೆದುಹೋಯಿತು, ಮೂಲ ರೂಪದಲ್ಲಿದ್ದರೆ ಕಟ್ಟೆ ಆ ಮಳೆಯನ್ನು ತಾಳುತ್ತಿತ್ತು ಎಂಬುದು ಅವರ ತೀರ್ಮಾನ. ಫ್ರಾನ್ಸಿಸ್ ಅಂಥವರಿದ್ದ ಸಮಿತಿಯ ವರದಿಯಲ್ಲಿ ಅವರದೇ ಸೂತ್ರ ಹೇಳುವುದು ಹಿಂದಕ್ಕೆ ಸರಿದದ್ದು ಈ ಪ್ರಕರಣದ ದೊಡ್ಡ ನೋವು.

ಏಕೆಂದರೆ ಅದೇ ಫ್ರಾನ್ಸಿಸ್ ಮ್ಯಾಸಚೂಸೆಟ್ಸ್‌ನ ಲೋವೆಲ್ ಎಂಬ ಗಿರಣಿಗಳ ಊರಿನಲ್ಲಿ ಮಾಡಿದ್ದೇ ಬೇರೆ. ಮೆರಿಮ್ಯಾಕ್ ನದಿಯ ನೀರನ್ನು ಗಿರಣಿಗಳಿಗೆ ತರುವ ಕಾಲುವೆಯ ಬಾಯಿಗೆ 1850ರಲ್ಲಿ ಆತ 25 ಅಡಿ ಎತ್ತರದ ಮರದ ಗೇಟೊಂದನ್ನು ತೂಗುಹಾಕಿಸಿದ. ಯಾವತ್ತೋ ಬರುವ ಪ್ರವಾಹಕ್ಕೆ ಇಷ್ಟು ಖರ್ಚೇ ಎಂದು ಊರವರು ಅದಕ್ಕೆ ಫ್ರಾನ್ಸಿಸನ ಮರುಳು ಎಂದು ಹೆಸರಿಟ್ಟರು. ಎರಡೇ ವರ್ಷಕ್ಕೆ, 1852ರಲ್ಲಿ, ನದಿ ಉಕ್ಕಿತು. ಗೇಟು ಹಿಡಿದಿದ್ದ ಕಬ್ಬಿಣದ ಕೊಂಡಿಯನ್ನು ಉಳಿಯಿಂದ ಕಡಿದರು, ಗೇಟು ಬಿದ್ದು ಕೂತಿತು, ಊರು ಉಳಿಯಿತು. ಮತ್ತೆ ಅದನ್ನು ಎತ್ತಿ ತೂಗುಹಾಕಿದರು. 1936ರ ಮಾರ್ಚ್‌ನಲ್ಲಿ ಅಮೆರಿಕದ ಪೂರ್ವಕ್ಕೆಲ್ಲ ಸುರಿದ ಮಳೆಯಲ್ಲಿ ಜಾನ್ಸ್‌ಟೌನ್ ಇನ್ನೊಮ್ಮೆ ಮುಳುಗಿತು. ಅದೇ ತಿಂಗಳು ಲೋವೆಲ್‌ನಲ್ಲಿ 86 ವರ್ಷದ ಆ ಮರದ ಗೇಟನ್ನು ಎರಡನೆಯ ಸಲ ಇಳಿಸಿದರು. ಅದು ಎರಡನೆಯ ಸಲವೂ ನೀರು ತಡೆಯಿತು.

ಮಗಳು ಮತ್ತೆ ಕರೆಸಿಕೊಂಡರೆ ಲೋವೆಲ್‌ಗೆ ಹೋಗಬೇಕು ಎಂದು ಅವರು ಹಳೆಯ ಜೊತೆಗಾರರಿಗೆ ಹೇಳಿಟ್ಟಿದ್ದಾರೆ. ಗೇಟು ಅಷ್ಟು ವರ್ಷ ತೂಗಿಕೊಂಡಿದ್ದಾಗ ಅದಕ್ಕೆ ಗ್ರೀಸು ಹಚ್ಚುತ್ತಿದ್ದವರು ಯಾರು, ಅವರಿಗೆ ಸಂಬಳ ಕೊಡುತ್ತಿದ್ದವರು ಯಾರು ಎಂದು ಅಲ್ಲಿಯವರನ್ನು ಕೇಳಬೇಕಂತೆ.